ನಾಲಿಗಿ ಕೆಳಗ

ಏಳು ನಿಮಿಷ ಮಾತಾಡಬಾರದು.
ಉಗುಳು ಸೈತ ನುಂಗೂ ಹಂಗಿಲ್ಲ.
ಹುಬ್ಬಳ್ಳಿ ದವಾಖಾನಿಯ ಹಿಂದಿನ ಖೋಲಿಯೊಳಗ
ನನ್ನ ತಮ್ಮ ಫಕೀರೇಶ, ಇಪ್ಪತ್ತಾರರಾವ,
ಪುಡಿ ಮಾಡಿದ ಗುಳಿಗಿ ನಾಲಿಗಿ ಕೆಳಗ ಇಟಗೊಂಡು ಕುಂತಾನ
ಮಗ್ಗಿ ಮರೆತ ಸಾಲಿ ಹುಡುಗನ ಹಂಗ.
ಆಮ್ಯಾಲ ಸಿಸ್ಟರಿಗೆ ನಾಲಿಗಿ ಎತ್ತಿ ತೋರಸಬೇಕು:
ಎಲ್ಲಾ ಕರಗೇತಿ, ಏನೂ ಮುಚ್ಚಿಟ್ಟಿಲ್ಲ.

ನಾಲ್ಕು ವರ್ಷ ಇದ ನಾಲಿಗಿ
ನನಗ ಏನೇನ ಹೇಳಿತ್ತು.
ಕುಕ್ಕರ್ ರಿಪೇರಿಗೆ ಕೊಟ್ಟೇನಂತ,
ಅವ್ವನ ಬೆಂಡೋಲಿ ಬೆಕ್ಕು ಒಯ್ತಂತ.
ಬೆಕ್ಕಿನ ಮಾತಿಗೆ ನಾ ನಕ್ಕಿದ್ದೆ.

ಗದಗಿನ ಪ್ರೆಸ್ಸಿನ್ಯಾಗ ಖಾತೆಬುಕ್ಕಿಗೆ ಹೊಲಿಗಿ ಹಾಕೂದು ನನ್ನ ಕೆಲಸ.
ಎಡಕ್ಕ ಜಮಾ, ಬಲಕ್ಕ ಖರ್ಚು, ನಡುವ ಕೆಂಪು ಗೆರಿ.
ಕೆಟ್ಟ ಹಾಳಿ ಒಂದು ಮನೀಗೆ ತಂದು ಬರದೇನಿ:
ಪ್ಯಾಸೆಂಜರ್ ಗಾಡಿ ತಿಕೀಟು, ದಿನಾ, ಹೋಗೂದು ಬರೂದು.
ಅರ್ಧಾ ದಿನದ ಪಗಾರು.
ಗೋವಾದಾಗ ಪೇಂಟಿಂಗ್ ಕೆಲಸ ಬಂದಿತ್ತು, ಹೋಗಲಿಲ್ಲ,
ಗುಳಿಗಿ ಹಿಂದ ಬೀಳ್ತೈತಿ.
ಹೊಟ್ಟಿ ಕಲ್ಲಾಗಿ ಮುಂಜಾನಿ ಅರ್ಧ ತಾಸು ಪಾಯಖಾನಿ.
ಹೆಣ್ಣು ಕೊಡ್ತೀವಂದವರು ಹೊಳ್ಳಿ ಬರಲಿಲ್ಲ.
“ಒಂದು ನಶಾ ಬಿಟ್ಟು ಇನ್ನೊಂದು ಹಿಡದಾನ,
ಇದಕ್ಕ ಸರಕಾರದ ಸಿಕ್ಕಾ ಐತಿ, ಅಷ್ಟ.”
ಬೆಟಗೇರಿ ಕಕ್ಕನ ಮಾತು. ಅದನ್ನೂ ಖರ್ಚಿಗೆ ಹಾಕೇನಿ.

ಜಮಾಕ್ಕ ಏನ ಬರೀಲಿ?
ಹೊಸಾ ಕುಕ್ಕರ್ ಐತಿ, ಅಂವನ ತಂದಿದ್ದು.
ತೋಳಿನ ಗಾಯ ಒಣಗ್ಯಾವು.
ಗೆಳೆಯ ನಾಗ್ಯಾ ಗಟಾರದ ಬಾಜು ಸಿಕ್ಕಾಗ
ಸೂಜಿ ಇನ್ನೂ ತೋಳಿನ್ಯಾಗ ಇತ್ತಂತ.
ಆ ಹೊತ್ತಿಗೆ ನನ್ನ ತಮ್ಮ, ಅಣ್ಣಿಗೇರಿ ದಾಟಿ,
ಗಾಡಿಯ ಕಿಡಕಿಗೆ ತಲಿ ಕೊಟ್ಟು ನಿದ್ದಿ ಹೊಡೀತಿದ್ದ.
ಆ ನಿದ್ದಿಗೆ ಎಷ್ಟು ರೂಪಾಯಿ ಹಾಕ್ತೀರಿ?

ಹೋದ ವಾರ ಡಾಕ್ಟರಮ್ಮ ಕೇಳಿದ್ರು:
ಕಡಿಮಿ ಮಾಡ್ಕೋತ ಹೋಗೂಣೇನು?
ಬಿಟ್ಟರ ಬಿಡಬಹುದು. ಜಾರಿದ್ರ ಮಾತ್ರ
ಮೊದಲಿನಕಿಂತ ಆಳ ಜಾರ್ತಾರ.
ವರ್ಷಗಟ್ಟಲೆ ತಗೊಂಡರೂ ತಪ್ಪಲ್ಲ, ಸಕ್ಕರಿ ಬ್ಯಾನಿಯವರು ತಗೊಳ್ಳೂದಿಲ್ಲೇನು?
ಫಕೀರೇಶ ನನ್ನ ಮಾರಿ ನೋಡಿದ.
ನಾ ಗ್ವಾಡಿಮ್ಯಾಲಿನ ಗಡಿಯಾರ ನೋಡಿದೆ.

ನಿನ್ನೆ, ಎರಡಕ್ಕ ಬರಾಂವ ನಾಲ್ಕಾದರೂ ಬರಲಿಲ್ಲ.
ಹಳೇ ಅಂಜಿಕಿ ಬಂದು ಹೊಸ್ತಿಲಮ್ಯಾಲ ಕುಂತು
ಕಾಲು ನೆಕ್ಕಾಕ ಹತ್ತಿತು,
ಬೆಂಡೋಲಿ ಒಯ್ದ ಅದ ಬೆಕ್ಕು.

“ಹುಲಕೋಟಿಯಾಗ ಸಿಗ್ನಲ್ ಬೀಳಲಿಲ್ಲಕ್ಕಾ,” ಅಂದ
ಚಪ್ಪಲ್ಲಿ ಬಿಡಕೋತ.
ಖರೇನೋ ಸುಳ್ಳೋ.
ನಾಲಿಗಿ ಎತ್ತು ಅನ್ನಲಿಲ್ಲ ನಾ.
ಹಂಚಿಗೆ ರೊಟ್ಟಿ ಹಾಕಿದೆ.