ಮುನ್ನೋಟ ಎಂಬ ಕಾಲಂ

ಮಾರ್ಚ್ ಮೂವತ್ತೊಂದು. ಆನಂದಪುರದ ಹಣ್ಣಿನ ರಸದ ಕಾರ್ಖಾನೆ.
ಬಾಯ್ಲರ್ ಕೆಮ್ಮುತ್ತಿದೆ. ಅನಾನಸ್ ಸಿಪ್ಪೆಯ ಗುಡ್ಡೆಗೆ
ಯಾರದೋ ಎಮ್ಮೆ ನುಗ್ಗಿದೆ.
ನಾನು ವರ್ಷದ ರಫ್ತಿನ ವರದಿ ಬರೆಯುತ್ತಿದ್ದೇನೆ.

ನೇಪಾಳ: ಹೋದ ವರ್ಷ ಒಂಬತ್ತು ಲಾರಿ, ಈ ವರ್ಷ ಹದಿನಾಲ್ಕು.
ಬಾಂಗ್ಲಾ: ಆರು. ಆಮೇಲೆ ಎರಡು. ಆಮೇಲೆ
ಗಡಿಯಲ್ಲಿ ಹನ್ನೊಂದು ದಿನ ಬಿಸಿಲು ಕುಡಿದು
ಡಬ್ಬಿಗಳೆಲ್ಲ ಹೊಟ್ಟೆ ಉಬ್ಬಿಸಿಕೊಂಡು ವಾಪಸು ಬಂದ ಒಂದು.
ಲಂಕೆ: ಮಾದರಿ ಬಾಟಲಿ ಹನ್ನೆರಡು. ಯಾರೋ ಕುಡಿದಿರಬೇಕು,
ಉತ್ತರವಿಲ್ಲ.
ಭೂತಾನ: ನಾವು ಕಳಿಸಿದ್ದು ಸೊನ್ನೆ. ಅವರ ಕಿತ್ತಳೆ ರಸ ಮಾತ್ರ
ನಮ್ಮ ಬಸ್ ಸ್ಟ್ಯಾಂಡ್ ಬೇಕರಿಯ ಫ್ರಿಜ್ಜಿನಲ್ಲಿ
ತಣ್ಣಗೆ ಕೂತು ನನ್ನನ್ನೇ ನೋಡುತ್ತದೆ.

ಬೀರ್‌ಗಂಜಿನ ಸೇಠು ಫೋನು ಮಾಡಿದ್ದ:
ಸಿಹಿ ಇನ್ನೊಂದು ಡಿಗ್ರಿ ಏರಿಸಬೇಕಂತೆ.
ನಮ್ಮ ಹಣ್ಣಿನ ಹುಳಿ ಅಲ್ಲಿಯವರ ನಾಲಿಗೆಗೆ
ಜಗಳ ತೆಗೆದ ಹಾಗಿರುತ್ತದಂತೆ.

ಲಾರಿಯ ಖಾದರ್ ಸಾಬರು ಅಲ್ಲಿಂದ ಒಂದು ಲೇಬಲ್ ತಂದಿದ್ದರು.
ನೇಪಾಳಿಯಲ್ಲಿ ಅನಾನಸಿಗೆ ಭುಇಂಕಟಹರ್,
ಅಂದರೆ ನೆಲಹಲಸು.
ಅದನ್ನು ಓದಿ ಹೇಳಿದರೆ ಹೆಚ್ಚುವ ಮೇಜಿನ ಹೂವಮ್ಮ ನಕ್ಕಳು:
"ಹಲಸಾದ್ರೆ ಮೇಣ, ಎಣ್ಣೆ ಹಚ್ಚಿದ್ರೆ ಬಿಡ್ತದೆ.
ಇದಕ್ಕೆ ಯಾವ ಎಣ್ಣೆ ಅಕ್ಕ? ಕೈಯನ್ನೇ ತಿಂತದೆ."

ತಿಂದಿದೆ. ಆರು ಸುಗ್ಗಿಯಿಂದ ಹೆಚ್ಚಿ ಹೆಚ್ಚಿ
ಅವಳ ಬೆರಳ ತುದಿ ಹೊಳೆಕಲ್ಲಿನಷ್ಟು ನುಣ್ಣಗೆ.
ಹಾಜರಿಯ ಯಂತ್ರದ ಮುಂದೆ ನಿಂತು ಒತ್ತುತ್ತಾಳೆ,
ಸೆರಗಿಗೆ ಒರೆಸಿ ಒತ್ತುತ್ತಾಳೆ, ಊದಿ ಒತ್ತುತ್ತಾಳೆ.
ಕೆಂಪು ದೀಪ. ಒಳಗಿನ ಹೆಂಗಸು ಪ್ರತಿ ಸಲವೂ
ಅಷ್ಟೇ ಮರ್ಯಾದೆಯಿಂದ ಅನ್ನುತ್ತಾಳೆ:
ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.

ಹದಿನಾಲ್ಕು ಲಾರಿಯ ಜೊತೆ ಆ ಗೆರೆಗಳೂ
ಪಾಸು ಪರವಾನಗಿ ಕೇಳದೆ ರಕ್ಸೌಲ್ ದಾಟಿ ಹೋದವೋ ಏನೋ.
ಯಾವ ತಪಾಸಣೆಯಲ್ಲೂ ಸಿಕ್ಕಿಲ್ಲ. ಬಿಲ್ಲಿನಲ್ಲಿ ನಾನೂ ತೋರಿಸಿಲ್ಲ.

ಕೊನೆಯ ಕಾಲಂ ಉಳಿದಿದೆ: ಮುಂದಿನ ವರ್ಷದ ಮುನ್ನೋಟ.
ಮ್ಯಾನೇಜರು ಹೇಳಿಕೊಟ್ಟ ಮಾತು ಸಿದ್ಧವಿದೆ:
ನೆರೆ ದೇಶಗಳಲ್ಲಿ ಬೇಡಿಕೆ ಏರುಮುಖ.

ಹಳೇ ರಿಜಿಸ್ಟರು ತೆಗೆದು ಮೊದಲು ಅವಳ ಹೆಸರು ಬರೆದೆ,
ಶಾಯಿಯಲ್ಲಿ, ಸ್ವಲ್ಪ ದೊಡ್ಡದಾಗಿಯೇ.
ಬಗ್ಗಿ ನೋಡಿದಳು. ಓದಲು ಬರುವುದಿಲ್ಲ,
ಆದರೂ ನೋಡಿದಳು.

"ಇದೆಷ್ಟು ದಿನ ಬಿಡಿ," ಅಂದಳು.
"ಆಷಾಢಕ್ಕೆ ಹಣ್ಣು ಮುಗೀತದೆ. ಎರಡು ತಿಂಗಳು ಕೈಗೆ ಕೆಲಸ ಇಲ್ಲ.
ಗೆರೆ ಬರ್ತದೆ."