ದಾರಿ ಸವೆಸುವುದು

ಜುಲ್ಮೀರಾಳ ಕೈಯಲ್ಲಿ ಎರಡು ಡಬ್ಬಿ:
ಒಂದರಲ್ಲಿ ನೀಲಿ, ಒಂದರಲ್ಲಿ ಹಸಿರು.
ಬ್ರಷ್ಷು, ಹಳೆ ಬಟ್ಟೆ, ರೊಟ್ಟಿ ನನ್ನ ಪಾಲಿಗೆ.
ವರ್ಷಕ್ಕೊಮ್ಮೆ, ಅಲೆಂತೇಜುವಿನ ಗಾಳಿ
ತುಸು ಬಾಯಿ ಮುಚ್ಚಿದ ಏಪ್ರಿಲ್‌ನಲ್ಲಿ
ಪಂಚಾಯಿತಿ ಅವಳಿಗೆ ಮೂರು ದಿನದ ಕೂಲಿ ಕೊಡುತ್ತದೆ,
ನಡೆಯುವವರ ದಾರಿಗುರುತು ಹೊಸದಾಗಿ ಬಳಿಯಲು.

ಮೊದಲು ಮರಳು.
ಮರಳಿಗೆ ಬಣ್ಣ ಹಿಡಿಯದು.
ಇಲ್ಲಿ ಹಾಕುವ ಹೆಜ್ಜೆಗೆ ಕೂಲಿಯಿಲ್ಲ.
ಚಪ್ಪಲಿ ಕಳಚಿ, ಲಂಗ ಮೇಲೆ ಸಿಕ್ಕಿಸಿ
ಒದ್ದೆಯೂ ಅಲ್ಲದ, ಒಣಗಿಯೂ ಇಲ್ಲದ
ಗೇಣಗಲದ ಗಟ್ಟಿ ಅಂಚು ಹಿಡಿದು ನಡೆಯುತ್ತಾಳೆ.
"ಮೇಲೆ ಸರಿದರೆ ಕಾಲು ಹೂಳುತ್ತದೆ,
ಕೆಳಗೆ ಸರಿದರೆ ಪಾದ ನೆನೆಯುತ್ತದೆ.
ನನ್ನ ಸಂಸಾರವೂ ಹೀಗೇ ಇತ್ತು" ಎಂದು ನಗುತ್ತಾಳೆ.

ಆಮೇಲೆ ಕಲ್ಲು.
ಮರಳು ಮುಗಿದಲ್ಲಿ ನೆಲ ದಡಕ್ಕನೆ ಎದ್ದು ನಿಲ್ಲುತ್ತದೆ
ಜಗಳಕ್ಕೆ ಬಂದ ನೆಂಟನ ಹಾಗೆ.
ಕರಿಯ ಪದರಗಲ್ಲು,
ಓರೆಯಾಗಿ ಪೇರಿಸಿಟ್ಟ ಸೀದ ರೊಟ್ಟಿ.
ಏರುವಾಗ ಅವಳು ಮಾತಾಡುವುದಿಲ್ಲ.
ಮೇಲೆ ಅಂಟೆಲೆಯ ಪೊದೆಗಳ ಬಿಸಿ ವಾಸನೆ,
ನೀರ ನಡುವೆ ಒಂಟಿ ನಿಂತ ಬಂಡೆಕಂಬದ ತುದಿಯಲ್ಲಿ
ಕೊಕ್ಕರೆಯ ಗೂಡು.
ಕೆಳಗೆ ಅಲೆ ಒಡೆದಾಗಲೆಲ್ಲ ಮರಿಗಳು ಕತ್ತು ಹೊರಳಿಸುತ್ತವೆ
ಪಕ್ಕದ ಮನೆಯ ಸದ್ದಿಗೆ ಕಿಟಕಿ ತೆರೆದವರಂತೆ.

ಮೂರನೆಯ ಭೂಶಿರದಲ್ಲಿ ಗುರುತಿಲ್ಲ.
ಗುರುತಿದ್ದ ಕಲ್ಲಿಲ್ಲ.
ಕಲ್ಲಿದ್ದ ನೆಲವಿಲ್ಲ.
ಚಳಿಗಾಲದ ಯಾವುದೋ ರಾತ್ರಿ
ಹೇಳದೆ ಕೇಳದೆ ಅಷ್ಟೂ ಇಳಿದು ಹೋಗಿದೆ.

ಅಂಚಿನಿಂದ ನಾಲ್ಕು ಮಾರು ಹಿಂದೆ ನಿಂತು
ಖಾಲಿ ಗಾಳಿಗೆ ಬೆರಳು ಮಾಡುತ್ತಾಳೆ:
"ಹೋದ ವರ್ಷ ಬಳಿದದ್ದು ಅಲ್ಲಿ,
ಆ ಹಕ್ಕಿ ಹಾರುತ್ತಿದೆಯಲ್ಲ, ಅಲ್ಲಿ.
ಅದರಾಚೆ ಅಪ್ಪ ಅಬೀಲಿಯು ಗಾಳ ಹೊತ್ತು ನಡೆದದ್ದು.
ಅದಕ್ಕೂ ಆಚೆ ಅಜ್ಜಿ, ಕತ್ತೆಯ ಮೇಲೆ ಪಾಚಿ ಹೇರಿಕೊಂಡು…"
ಬೆರಳು ಚಾಚುತ್ತ ಚಾಚುತ್ತ
ಅವಳ ಇಡೀ ವಂಶ
ನೀರಿನಿಂದ ನೂರಡಿ ಮೇಲೆ
ಸಾಲಾಗಿ ನಡೆಯುತ್ತಿದೆ, ಬೀಳದೆ.

ಊರು ಮುಟ್ಟಿದಾಗ ದಾರಿ ಸವೆಸಿದೆವು ಅನ್ನುತ್ತೇವೆ.
ಸವೆಸುವವರು ಯಾರೆಂದು ಇಲ್ಲಿ ಕಾಣುತ್ತದೆ.

ಎದುರಿಗೊಬ್ಬ ಹುಡುಗ. ಭಾನುವಾರದ ಅಂಗಿ.
ಒಳಗಿನ ಪ್ಲಾಸ್ಟಿಕ್ ಚಪ್ಪರಗಳಲ್ಲಿ ರಾಸ್‌ಬೆರಿ ಬಿಡಿಸುವವನು,
ಬೆರಳ ತುದಿಯಲ್ಲಿ ಇನ್ನೂ ವಾರದ ಕೆಂಪು.
ಲೋಕ್‌ಮಣಿ, ನೇಪಾಳ, ಎನ್ನುತ್ತಾನೆ.
ಮುರುಕು ಪೋರ್ಚುಗೀಸಿನಲ್ಲಿ ಕೇಳುತ್ತಾನೆ:
ದಾರಿ ಮುಗಿಯಿತೇ? ಆಚೆ ಏನಿದೆ?
"ಮರಳು."
ಅದರಾಚೆ?
"ಕಲ್ಲು."
ಅದರಾಚೆ?
ಜುಲ್ಮೀರಾ ಡಬ್ಬಿ ಕೆಳಗಿಟ್ಟು
ಅವನನ್ನು ಪೂರ್ತಿಯಾಗಿ ನೋಡುತ್ತಾಳೆ.

ಅವನು ಒಂದು ಚಪ್ಪಟೆ ಕಲ್ಲು ತಂದಿಡುತ್ತಾನೆ,
ಅದರ ಮೇಲೊಂದು, ಅದರ ಮೇಲೊಂದು.
ಅವನ ಊರಲ್ಲಿ ಗುಡ್ಡ ಜಾರಿದಾಗ
ಹೊಸ ಕಾಲುದಾರಿಗೆ ಹೀಗೇ ಮಾಡುತ್ತಾರಂತೆ.
ಅಲ್ಲಿ ಕಡಲಿಲ್ಲ. ಮಳೆಯೇ ಸಾಕು.

ತಲೆಗಲ್ಲಿಗೆ ಅವಳು ಒಂದು ಗೆರೆ ನೀಲಿ,
ಕೆಳಗೊಂದು ಹಸಿರು ಎಳೆಯುತ್ತಾಳೆ.
ಕೈ ನಡುಗಿ ನೀಲಿ ಹಸಿರಿಗಿಳಿಯುತ್ತದೆ.
ಒರೆಸಲು ಬಟ್ಟೆ ಚಾಚಿದರೆ
"ಬಿಡು, ಇದ್ದದ್ದೇ ಹಾಗೆ" ಎನ್ನುತ್ತಾಳೆ.

ಸಂಜೆ, ಅಳಿವೆಯಲ್ಲಿ, ಇಳಿತ ಕಾದು ದಾಟಿದೆವು.
ನೀರು ಮಂಡಿಯವರೆಗೆ, ನೀರೊಳಗೆ ಜಾರುವ ಮರಳು.
ಲೋಕ್‌ಮಣಿ ಕೊರಳ ವಸ್ತ್ರಕ್ಕೆ ಡಬ್ಬಿಗಳನ್ನು ಕಟ್ಟಿ
ಹಣೆಗೆ ತೂಗಿ ಬೆನ್ನಿಗೆ ಹೊತ್ತ,
ಮಲೆಯಲ್ಲಿ ಹೊರುವಂತೆ.

ಈ ದಾರಿಯಲ್ಲಿ ಬರಿಗೈಯಲ್ಲಿ ನಡೆದದ್ದು
ಅವಳಿಗೆ ಇದೇ ಮೊದಲು.
ಎಲ್ಲಿಡಬೇಕೆಂದು ತಿಳಿಯದೆ
ಎರಡೂ ಕೈಗಳನ್ನು ಮುಂದೆ ಚಾಚಿಕೊಂಡೇ
ಆಚೆ ದಡದವರೆಗೂ ಹೋದಳು.