ಅವಧಿಗೆ ಮುನ್ನ

ಗಾಂಧಿ ಬಜಾರಿನ ಮೂವತ್ತೆಂಟು ಅಂಗಡಿ, ದುರ್ಗಿಗುಡಿಯ ಹನ್ನೊಂದು,
ಸಂಜೆ ಆರರೊಳಗೆ ಪಿಗ್ಮಿ ಎತ್ತಿ ಮುಗಿಸಬೇಕು.
ಮುಗಿಸಿ ತುಂಗಾ ಸೇತುವೆಯ ಕಟಕಟೆಗೆ ಒರಗಿದೆನೆಂದರೆ
ಮಣಿಕಟ್ಟಿನ ವಾಚು ಗುರ್ ಅನ್ನುತ್ತದೆ:
ಹನ್ನೊಂದು ಸಾವಿರ ಹೆಜ್ಜೆ,
ನಾನೂರ ಹನ್ನೆರಡು ಕ್ಯಾಲೊರಿ ಖರ್ಚು.

ಖರ್ಚು ಅಂತ ಕಂಡರೆ
ಕಣ್ಣು ಜಮೆಯ ಕಡೆ ಹೊರಳುವುದು
ಇಪ್ಪತ್ತೆರಡು ವರ್ಷದ ಚಾಳಿ.

ನಾನೂರ ಹನ್ನೆರಡು ಅಂದರೆ ಒಂದು ಬೆಣ್ಣೆ ಮಸಾಲೆ,
ಎರಡನೇ ಸಲ ಹಾಕಿಸಿಕೊಂಡ ಚಟ್ನಿಯೂ ಸೇರಿ.
ಅಥವಾ ನಾದಿನಿಯ ಕೈಯ ಕೊಟ್ಟೆಕಡುಬು, ಎರಡೂವರೆ.
ಅಥವಾ, ಈಗ, ಬರೀ ಅಂಕಿ.
ಎಲ್ಲಿಡಲಿ?
ಫೆಬ್ರುವರಿಯಲ್ಲಿ ಡಾಕ್ಟರು ಹೊಟ್ಟೆ ಕತ್ತರಿಸಿ, ಪಿನ್ನು ಹೊಡೆದು
ಏಲಕ್ಕಿ ಬಾಳೆಯಷ್ಟು ಉಳಿಸಿದ್ದಾರೆ.
ಮಿಕ್ಕಿದ್ದನ್ನು ಏನು ಮಾಡಿದಿರಿ ಅಂತ ಕೇಳಿದ್ದೆ.
ನಕ್ಕರು.
ನಗಲೆಂದು ಕೇಳಿದ್ದಲ್ಲ.
ನಲವತ್ತಾರು ವರ್ಷ ಜೊತೆಗಿದ್ದದ್ದು ಅದು,
ಅಪ್ಪನ ವೈಕುಂಠ ಸಮಾರಾಧನೆಯ ದಿನ
ಹದಿನಾಲ್ಕು ವಡೆ ನುಂಗಿ ನನ್ನ ಅಳು ತಡೆದದ್ದು.

ಹೂವಿನ ಗಿಡ್ಡಮ್ಮ ಮಗಳ ಬಾಣಂತನಕ್ಕೆಂದು
ಏಳನೇ ತಿಂಗಳಿಗೇ ದುಡ್ಡು ಕೇಳಿದ್ದಳು.
ಅವಧಿಗೆ ಮುನ್ನ ತೆಗೆದರೆ ಬಡ್ಡಿ ಇಲ್ಲ,
ಮೇಲೆ ನೂರಕ್ಕೆ ಮೂರು ಮುರಿದುಕೊಳ್ತಾರೆ ಅಂದೆ.
ಅವಳು ಸೇವಂತಿಗೆ ಕಟ್ಟುತ್ತಲೇ,
"ನಂದೇ ದುಡ್ಡು ಅಂತೀರ. ನಂದೇ ಮುರೀತೀರ."

ಇವತ್ತು ಆ ಮಾತು ನನ್ನ ಬಾಯಲ್ಲಿದೆ.
ನಡೆದದ್ದು ನಾನು. ಬೆವರಿದ್ದು ನಾನು.
ನಡೆದಷ್ಟನ್ನು ತಿರುಗಿ ತಿನ್ನಲೋ, ಬೇಡವೋ?

ಸವಳಂಗ ರಸ್ತೆಯ ಆಸ್ಪತ್ರೆಯ ನಿಖತ್ ಮೇಡಂ,
ನನ್ನ ಮಗಳ ಓರಗೆಯವಳು, ನನ್ನ ವಾಚು ನೋಡಿ
"ಇದು ಧಾರಾಳಿ ಕಣ್ರೀ, ನೂರಕ್ಕೆ ನೂರೈವತ್ತು ಬರೆಯುತ್ತೆ" ಅಂದಳು.
ಹಾಗಾದರೆ ತಿನ್ನಬಾರದಾ?
"ಹಾಗೂ ಅಲ್ಲ."
ನನ್ನ ಹೆಗಲ ಮೇಲಿಂದ ಉದುರಿದ ಕೂದಲೊಂದನ್ನು ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದಳು.
"ಇದು ವಾಚಿಗೆ ಗೊತ್ತಿಲ್ಲ.
ಮೊದಲು ಮೊಟ್ಟೆ, ಬೇಳೆ, ಮೀನು. ಅರ್ಧ ಗಂಟೆ ಬಿಟ್ಟು ನೀರು.
ಕಾಲು ಸೋತರೆ ಬಂದು ಹೇಳಿ, ಇನ್ನಷ್ಟು ಬರೆದುಕೊಡ್ತೀನಿ.
ಅಂಕಿಗೆ ತಿನ್ನಬೇಡಿ."

ಅಂಕಿ ಬಿಟ್ಟು ನನಗೇನು ಗೊತ್ತು?

ಮೊನ್ನೆ ಅಂತೋಣಿಯ ಸೈಕಲ್ ಅಂಗಡಿ ಮುಂದೆ
ಬೀದಿ ಕಪ್ಪಾಯಿತು.
ಕಣ್ಣು ಬಿಟ್ಟಾಗ ಪಂಕ್ಚರ್ ಹಾಕುವ ಸ್ಟೂಲಿನ ಮೇಲೆ ನಾನು,
ಎದುರಿಗೆ ಅವನ ಬುತ್ತಿ, ಬೇಯಿಸಿದ ಒಂದೇ ಮೊಟ್ಟೆ.
ತಿಂದೆ. ಒಂದೊಂದು ತುತ್ತಿಗೆ ಇಪ್ಪತ್ತು ಸಲ ಅಗಿದು.
ಮಸಿ ಕೈ ಮಂಡಿಯ ಮೇಲಿಟ್ಟು ಅವನು ಕಾದ,
ಟ್ಯೂಬು ನೀರಲ್ಲಿ ಮುಳುಗಿಸಿ ಗುಳ್ಳೆಗೆ ಕಾಯುವ ಹಾಗೆ.
ಅರ್ಧಕ್ಕೇ ಜಾಗ ಮುಗಿಯಿತು.
ಎಂಜಲು ಹೇಗೆ ಕೊಡುವುದು ಅಂತ ನಾನು ತಡವರಿಸುತ್ತಿರುವಾಗ
ಉಳಿದರ್ಧ ಎತ್ತಿ ಬಾಯಿಗೆ ಹಾಕಿಕೊಂಡು
ಅಂಗಿಯ ಜೇಬಿನಿಂದ ದಿನದ ಐವತ್ತು ತೆಗೆದ.
ಮೆಷಿನ್ನಿನಿಂದ ಚೀಟಿ ಹರಿದು ಕೊಟ್ಟೆ.
ಐವತ್ತಕ್ಕೆ ಮಾತ್ರ.

ಈಗ ಸೇತುವೆ. ವಾಚು ಬ್ಯಾಗಿನೊಳಗೆ,
ಚಿಲ್ಲರೆಯ ನಡುವೆ ಗುರ್ ಅನ್ನುತ್ತಿದೆ.
ಕೆಳಗೆ ಹೊಳೆ ಇಳಿದಿದೆ, ಬಂಡೆ ಮೇಲೆ ಯಾರೋ ಕಂಬಳಿ ಒಗೆಯುತ್ತಿದ್ದಾರೆ.
ಒಳಗೆ ಏನೋ ಮಿಸುಕುತ್ತದೆ.
ಹಳೇ ಹೊಟ್ಟೆ ಕೂಗುತ್ತಿತ್ತು, ಬಾಗಿಲು ಬಡಿಯುತ್ತಿತ್ತು.
ಇದರ ದನಿ ಸಣ್ಣದು, ಹಸಿವೋ ಗಾಳಿಯೋ ತಿಳಿಯದು.
ಸೆರಗಿನೊಳಗೆ ಅಂಗೈ ಇಟ್ಟು ಕೇಳುತ್ತೇನೆ,
ಹೊಸದಾಗಿ ಖಾತೆ ತೆರೆದವರನ್ನು ಕೇಳುವ ಹಾಗೆ:
ದಿನಕ್ಕೆ ಎಷ್ಟು ಕಟ್ಟೋಕಾಗುತ್ತೆ ನಿನಗೆ,
ನಿಜ ಹೇಳು.